ಜನರಲ್ ತಿಮ್ಮಯ್ಯನವರ ಯುದ್ಧನಾಯಕತ್ವ: ಒಂದು ವಿಮರ್ಶೆ

ಸೇನಾನಿಗಳ ಜೀವನಚರಿತ್ರೆಗಳಲ್ಲಿ ಒಂದು ದೋಷ ಸಾಮಾನ್ಯವಾಗಿ ಕಂಡುಬರುತ್ತದೆ. ಲಗ್ಗೆಯ ಗಳಿಗೆಯನ್ನು ವಿಸ್ತಾರವಾಗಿ ವರ್ಣಿಸಿ, ಅದನ್ನು ಸಾಧ್ಯಗೊಳಿಸಿದ ಸಿದ್ಧತೆಯನ್ನು ಎರಡು ಮಾತುಗಳಲ್ಲಿ ಮುಗಿಸಿಬಿಡುವುದೇ ಆ ದೋಷ. ಕೊಡಗಿನ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ (1906–1965) ಕೀರ್ತಿಯೂ ಇದಕ್ಕೆ ಹೊರತಾಗಿಲ್ಲ.

ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರು 1926ರಲ್ಲಿ ಸ್ಯಾಂಡ್‌ಹರ್ಸ್ಟಿನ ಶಿಕ್ಷಣ ಮುಗಿಸಿ ಸೈನ್ಯಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ರಂಗದಲ್ಲಿ ಹೋರಾಡಿದರು. ಹಂಫ್ರಿ ಇವಾನ್ಸರು ಬರೆದ ಅವರ ಚರಿತ್ರೆ 1960ರಲ್ಲಿ ಪ್ರಕಟವಾಯಿತು. ಆಗ ಅವರು ಭೂಸೇನೆಯ ಮುಖ್ಯಸ್ಥರಾಗಿಯೇ ಇದ್ದರು. ಅಧಿಕಾರದಲ್ಲಿರುವ ಸೇನಾಪತಿಯ ಚರಿತ್ರೆಯನ್ನು ವಿದ್ಯಾರ್ಥಿಗಳು ಗೌರವದಿಂದ ಓದಬೇಕು, ಎಚ್ಚರದಿಂದಲೂ ಓದಬೇಕು.

ಅವರ ಖ್ಯಾತಿಗೆ ಮುಖ್ಯ ಆಧಾರ 1948ರ ನವೆಂಬರ್ 1ರ ಜೋಜಿಲಾ ವಿಜಯ. ಸುಮಾರು 11,500 ಅಡಿ ಎತ್ತರದ ಆ ಕಣಿವೆದಾರಿಯಲ್ಲಿ ಟ್ಯಾಂಕುಗಳು ಕಾಣಿಸಿಕೊಂಡಾಗ ಎದುರಾಳಿಗಳು ದಿಗ್ಭ್ರಾಂತರಾದರು. ಮುಂದಿನ ಟ್ಯಾಂಕಿನಲ್ಲಿ ಜನರಲ್ಲರೇ ಇದ್ದರೆಂಬ ಸಂಗತಿಯನ್ನು ಬರಹಗಾರರು ಮರೆಯದೆ ಹೇಳುತ್ತಾರೆ. ಸೆಪ್ಟೆಂಬರಿನಲ್ಲಿ ಅದೇ ಸ್ಥಳದಲ್ಲಿ ಪದಾತಿಗಳ ಆಕ್ರಮಣ ವಿಫಲವಾಗಿತ್ತು. ಸೈನಿಕರ ಧೈರ್ಯ ಅಂದು ಕಡಿಮೆಯಿರಲಿಲ್ಲ, ಕಡಿಮೆಯಿದ್ದುದು ದಾರಿ. ಸ್ಟೂವರ್ಟ್ ಟ್ಯಾಂಕುಗಳ ಮೇಲ್ಗೋಪುರಗಳನ್ನು ಕಳಚಿ, ದುರ್ಬಲವಾದ ಸೇತುವೆಗಳನ್ನು ದಾಟಿಸಿ, ಗುಟ್ಟಾಗಿ ಶ್ರೀನಗರಕ್ಕೆ ಸಾಗಿಸಲಾಯಿತು. ಬಾಲ್ತಾಲಿನಿಂದ ಮೇಲಕ್ಕೆ ಅವು ಏರುವಂತೆ ಮಾರ್ಗ ಕಡಿದವರು ಮದ್ರಾಸ್ ಸ್ಯಾಪರ್ಸ್ ದಳದವರು. ಈ ದಳದ ಕೇಂದ್ರಸ್ಥಾನ ನಮ್ಮ ಬೆಂಗಳೂರೇ ಆಗಿದೆ.

ಚಿಕ್ಕಬಳ್ಳಾಪುರದ ವಿದ್ಯಾರ್ಥಿಗಳಿಗೆ ಇದನ್ನು ಮನಗಾಣಿಸುವುದು ಕಷ್ಟವಲ್ಲ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ವಶದಲ್ಲಿದ್ದ ನಂದಿದುರ್ಗವನ್ನು ಮುತ್ತಿದಾಗಲೂ ಸಮಸ್ಯೆ ಇದೇ ಆಗಿತ್ತು. ಕಡಿದಾದ ಬೆಟ್ಟದ ಮೈಯಲ್ಲಿ ಫಿರಂಗಿಗಳಿಗಾಗಿ ದಾರಿ ಮಾಡಿ, ಆನೆಗಳ ನೆರವಿನಿಂದ ಅವನ್ನು ಏರಿಸಬೇಕಾಯಿತು. ಅಕ್ಟೋಬರ್ 19ರ ಲಗ್ಗೆ ಒಂದು ರಾತ್ರಿಯ ಕೆಲಸ. ಅದರ ಹಿಂದಿನ ಶ್ರಮ ವಾರಗಳದು. ಕಾಲ, ಆಯುಧ, ಉದ್ದೇಶ ಬೇರೆಯಾದರೂ ಬೆಟ್ಟದ ನಿಯಮ ಒಂದೇ.

ಈ ನಿಯಮವನ್ನು ಒಪ್ಪಿದ ಮೇಲೆ ಸ್ಕರ್ದುವನ್ನು ಬದಿಗೊತ್ತುವಂತಿಲ್ಲ. ಅಲ್ಲಿನ ಕೋಟೆಯನ್ನು ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಅವರು 1948ರ ಫೆಬ್ರವರಿಯಿಂದ ಆರು ತಿಂಗಳ ಕಾಲ ಕಾಪಾಡಿ, ಆಗಸ್ಟ್ 14ರಂದು ಶರಣಾದರು. ಶರಣಾದ ಸೈನಿಕರಲ್ಲಿ ಬಹುಮಂದಿ ಕೊಲ್ಲಲ್ಪಟ್ಟರು. ನೆರವಿಗೆ ಹೊರಟ ತುಕಡಿಗಳು ಅಲ್ಲಿಗೆ ತಲುಪಲಿಲ್ಲ. ಮುತ್ತಿಗೆ ಆರಂಭವಾದಾಗ ತಿಮ್ಮಯ್ಯನವರು ಕಾಶ್ಮೀರದ ಡಿವಿಷನ್ನಿನ ಅಧಿಪತ್ಯದಲ್ಲಿರಲಿಲ್ಲ. ಮೇ ತಿಂಗಳಲ್ಲಿ ಅದನ್ನು ವಹಿಸಿಕೊಂಡರು. ಆದುದರಿಂದ ಹೊಣೆಯೆಲ್ಲವನ್ನೂ ಅವರ ಮೇಲೆ ಹೊರಿಸುವುದು ಅನ್ಯಾಯ. ಆದರೆ ಜೋಜಿಲಾವನ್ನು ಅವರ ಲೆಕ್ಕಕ್ಕೆ ಬರೆದು ಸ್ಕರ್ದುವನ್ನು ಪರ್ವತದ ಲೆಕ್ಕಕ್ಕೆ ಬರೆಯುವುದೂ ಇತಿಹಾಸವಾಗದು.

ಹೀಗೆ ತೂಗಿದಾಗ ತಿಮ್ಮಯ್ಯನವರು ಕುಗ್ಗುವುದಿಲ್ಲ. ಆಗಸ್ಟಿನಲ್ಲಿ ದಾರಿಯಿಲ್ಲದೆ ಕಳೆದುಕೊಂಡು, ಸೆಪ್ಟೆಂಬರಿನಲ್ಲಿ ಹಿಮ್ಮೆಟ್ಟಿ, ಚಳಿಗಾಲ ಕಣಿವೆಯನ್ನು ಮುಚ್ಚುವ ಮುನ್ನವೇ ದಾರಿಯನ್ನು ನಿರ್ಮಿಸಿ ಗೆದ್ದವರು ಅವರು. ನವೆಂಬರ್ ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್‌ಗಳು ಮರಳಿ ಕೈಸೇರಿ ಲೇಹಿನ ಮಾರ್ಗ ತೆರೆಯಿತು. ಸೋಲಿನಿಂದ ಕಲಿತ ಈ ವಿವೇಕವನ್ನೇ ನಾವು ಅವರ ನಾಯಕತ್ವದ ಸಾರವೆಂದು ಭಾವಿಸುತ್ತೇವೆ. ಮುಂದಿನ ಟ್ಯಾಂಕಿನ ಸಾಹಸ ಅದರ ಕೊನೆಯ ಮೆಟ್ಟಿಲು ಮಾತ್ರ.