ಸೂತ್ರದ ಕೀರ್ತಿಯೂ ಜಲ್ಲಿಯ ಅಭಾವವೂ

ಹೆದ್ದಾರಿ ಕಾಮಗಾರಿಗಳ ಕರಾರುಪತ್ರದಲ್ಲಿ ಬರುವ ಬೆಲೆ ಹೊಂದಾಣಿಕೆಯ ಸೂತ್ರಕ್ಕೆ ನಮ್ಮ ಎಂಜಿನಿಯರರ ವಲಯದಲ್ಲಿ ಸಲ್ಲುತ್ತಿರುವ ಗೌರವವು ಅದರ ಯೋಗ್ಯತೆಯನ್ನು ಬಹುದೂರ ಮೀರಿದುದೆಂದು ನಾನು ಬಹುಕಾಲದಿಂದ ನಂಬಿರುವೆನು. ಕೂಲಿ, ಸಿಮೆಂಟು, ಉಕ್ಕು, ಡಾಂಬರು, ಡೀಸೆಲ್ ಇವುಗಳ ಬೆಲೆ ಏರಿದಾಗ ಗುತ್ತಿಗೆದಾರನು ಮುಳುಗದಂತೆಯೂ, ಇಳಿದಾಗ ಬೊಕ್ಕಸಕ್ಕೆ ನಷ್ಟವಾಗದಂತೆಯೂ ಕಾಯುವ ಈ ಏರ್ಪಾಡು ನ್ಯಾಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾಮಗ್ರಿಗೆ ಸಂಬಂಧಿಸಿದ ಗಂಡಾಂತರಗಳೆಲ್ಲಕ್ಕೂ ಇದೇ ಪರಿಹಾರವೆಂಬ ಭಾವನೆ ಬೇರೂರಿರುವುದರಿಂದ, ಸೂತ್ರವನ್ನು ಅಕ್ಷರಶಃ ಓದಿನೋಡುವುದು ಅವಶ್ಯ.

ದರಪಟ್ಟಿಯ ಮಾದರಿಯ ಕರಾರಿನಲ್ಲಿ, ಆಯಾ ಅವಧಿಯಲ್ಲಿ ನಡೆದ ಕೆಲಸದ ಮೌಲ್ಯವನ್ನು ಸಾಮಗ್ರಿಯ ಶೇಕಡಾ ಪಾಲಿನಿಂದಲೂ, ಸೂಚ್ಯಂಕದಲ್ಲಾದ ಏರಿಳಿತದ ಪ್ರಮಾಣದಿಂದಲೂ ಗುಣಿಸಿ, ಬಂದುದನ್ನು ಮತ್ತೆ 0.85ರಿಂದ ಗುಣಿಸತಕ್ಕುದೆಂದಿದೆ. ಡಾಂಬರಿಗೆ ಸಂಸ್ಕರಣಾಗಾರದ ಬೆಲೆಯೇ ಆಧಾರ. ಜಲ್ಲಿಗೆ ಅಂತಹ ಸ್ವಂತ ಅಳತೆಗೋಲಿಲ್ಲ. ಅದು ‘ಇತರ ಸಾಮಗ್ರಿ’ಗಳ ಗುಂಪಿಗೆ ಸೇರಿ, ಅಖಿಲ ಭಾರತ ಸಗಟು ಬೆಲೆ ಸೂಚ್ಯಂಕದೊಡನೆ ಏರಿಳಿಯುತ್ತದೆ. 2011-12ರ ಸರಣಿಯ ಆ ಸೂಚ್ಯಂಕದಲ್ಲಿರುವುದು 697 ಪದಾರ್ಥಗಳು. ಈರುಳ್ಳಿಯೂ ಉಂಟು, ಹತ್ತಿಯೂ ಉಂಟು. ಮೇಲ್ಪದರದ ಮಿಶ್ರಣದಲ್ಲಿ ತೂಕದ ಲೆಕ್ಕಕ್ಕೆ ಡಾಂಬರು ನೂರಕ್ಕೆ ಸುಮಾರು 5 ಭಾಗ, ಉಳಿದುದೆಲ್ಲ ಕಲ್ಲು. ಹತ್ತಾರು ಮೈಲಿಯೊಳಗಿನ ಬೆಟ್ಟದಿಂದ ಬರುವ ಆ ಕಲ್ಲಿನ ಸುಖದುಃಖವನ್ನು ದೇಶದ ಈರುಳ್ಳಿ ಮಾರುಕಟ್ಟೆಯನ್ನೂ ಒಳಗೊಂಡ ಸರಾಸರಿಯಿಂದ ಅಳೆಯುವುದು ಯಾವ ತರ್ಕಕ್ಕೂ ನಿಲುಕದು.

ಇದಕ್ಕಿಂತ ದೊಡ್ಡ ದೋಷವು, ಯಾರೂ ಅನುಮಾನಿಸದ ಮೊದಲ ಪದದಲ್ಲಿಯೇ ಇದೆ: ನಡೆದ ಕೆಲಸದ ಮೌಲ್ಯ. ಕ್ರಷರ್ ನಿಂತು ಜಲ್ಲಿ ಬಾರದ ತಿಂಗಳಲ್ಲಿ ಡಾಂಬರು ಹಾಕುವ ಕೆಲಸವೇ ನಡೆಯದು. ಮೌಲ್ಯ ಶೂನ್ಯವಾದೊಡನೆ ಪರಿಹಾರವೂ ಶೂನ್ಯ. ಮಲೆನಾಡಿನ ಕಾಮಗಾರಿಯೊಂದರಲ್ಲಿ ಪೇವರ್ ಯಂತ್ರವು ಟಾರ್ಪಾಲಿನಡಿ ನಿಂತು, ಅದರ ನೆರಳಿನಲ್ಲಿ ಚಾಲಕರು ಅನ್ನ ಬೇಯಿಸಿಕೊಳ್ಳುತ್ತಿದ್ದುದನ್ನು ನಾನು ಕಂಡಿರುವೆನು. ಕೂಲಿಯೂ ಯಂತ್ರದ ಬಾಡಿಗೆಯೂ ದಿನದಿನವೂ ಏರುತ್ತಿದ್ದುವು, ಆದರೆ ಸೂತ್ರಕ್ಕೆ ಆ ತಿಂಗಳು ಇರಲೇ ಇಲ್ಲ. ಬೆಲೆಯ ಏರಿಕೆಯನ್ನು ಅದು ಬಲ್ಲದು. ವಸ್ತುವಿನ ಅಭಾವವನ್ನು ಅರಿಯದು.

ಇಲ್ಲಿ ನನ್ನ ಸಹವಿಮರ್ಶಕರೊಡನೆ ಸ್ವಲ್ಪ ಜಗಳವಾಡಲೇಬೇಕಾಗಿದೆ. ಒಂದು ಪಕ್ಷದವರು 0.85 ಎಂಬುದನ್ನು ಹಿಡಿದು, ಉಳಿದ 15 ಪಾಲನ್ನು ಗುತ್ತಿಗೆದಾರನ ಹೆಗಲಿಗೆ ಹೊರಿಸಿದ್ದು ಅನ್ಯಾಯವೆನ್ನುವರು. ಲೆಕ್ಕಪರಿಶೋಧನೆಯ ದೃಷ್ಟಿಯವರು ಅದೇ ಸೂತ್ರದಿಂದ ಗುತ್ತಿಗೆದಾರನಿಗೆ ಅನುಚಿತ ಲಾಭವಾಗುವುದೆನ್ನುವರು. ಪುಟಗಟ್ಟಲೆ ನಡೆದಿರುವ ಈ ವಾದದಲ್ಲಿ ಎರಡು ಪಕ್ಷಗಳೂ ಕಲ್ಲು ಸಿಕ್ಕಿಯೇ ಸಿಗುವುದೆಂದು ಮೊದಲೇ ಒಪ್ಪಿಕೊಂಡು ಕುಳಿತಿವೆ. 2021ರ ಜನವರಿಯಲ್ಲಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದು ಜನರು ಸತ್ತ ಮೇಲೆ ಕಲ್ಲುಕ್ವಾರಿಗಳ ಮೇಲೆ ಕಣ್ಣಿಟ್ಟುದು ಅತ್ಯಗತ್ಯವೇ ಆಗಿತ್ತು. ಅಂತಹ ಒಂದು ಘಟನೆಯಿಂದಲೇ ನಿಂತುಹೋಗಬಹುದಾದ ಮೂಲವೊಂದನ್ನು ನಂಬಿ ಹೆದ್ದಾರಿಯ ವೇಳಾಪಟ್ಟಿಯನ್ನು ಹಾಕುವವರು ಶೇಕಡಾವಾರಿನ ಜಗಳದಿಂದ ಯಾವ ರಕ್ಷಣೆ ಪಡೆಯುವರು?

ನನ್ನ ಮಟ್ಟಿಗೆ, ಕೀರ್ತಿ ಸಲ್ಲಬೇಕಾದುದು ಲೋಕೋಪಯೋಗಿ ಪದ್ಧತಿಯ ಬೇರೊಂದು ಹಳೆಯ ನಿಯಮಕ್ಕೆ. ಸ್ಥಳಕ್ಕೆ ತಂದು ರಾಶಿಹಾಕಿದ ಸಾಮಗ್ರಿಯನ್ನು ಅಳೆದು, ಅದರ ಮೇಲೆ ಮುಂಗಡ ಕೊಡುವ ಈ ಏರ್ಪಾಡನ್ನು ಗುಮಾಸ್ತರ ವ್ಯವಹಾರವೆಂದು ವಿದ್ವಾಂಸರು ಬದಿಗೆ ಸರಿಸಿರುವರು. ಮಳೆಗಾಲಕ್ಕೆ ಮುನ್ನ ಜಲ್ಲಿ ಕೂಡಿಡಲು ಗುತ್ತಿಗೆದಾರನಿಗೆ ಬೇಕಾದುದು ಕೈಯಲ್ಲಿ ಹಣ. ಅದನ್ನು ಕೊಡುವುದು ಈ ನಿಯಮವೇ ಹೊರತು ಸೂತ್ರವಲ್ಲ. ರಾಶಿಯ ಎಣಿಕೆಯಲ್ಲಿ ಮೋಸವಾಗಬಹುದೆಂಬ ಆಕ್ಷೇಪಣೆ ನಿಜವೇ. ಅದಕ್ಕೆ ಉತ್ತರವು ಎರಡನೆಯ ಸಲ ಅಳೆಯುವುದು. ನಾನು ಓದಿದ ಮಾಸಿಕ ವರದಿಗಳಲ್ಲಿ ಸೂತ್ರದ ಲೆಕ್ಕಕ್ಕೆ ಹಲವು ಪುಟಗಳಿದ್ದುವು. ಮೇ ತಿಂಗಳ ಕೊನೆಗೆ ಪ್ಲಾಂಟಿನ ಅಂಗಳದಲ್ಲಿದ್ದ 20 ಮಿಲಿಮೀಟರ್ ಜಲ್ಲಿ ಎಷ್ಟು ದಿನಕ್ಕೆ ಸಾಕೆಂಬುದಕ್ಕೆ ಒಂದು ಸಾಲೂ ಇರಲಿಲ್ಲ.