ಎಡದಿಂದ ಬಲಕ್ಕೆ

ನಮ್ಮೆಲ್ಲರ ಮನೆಯಲ್ಲೂ ಒಂದು ಸ್ಕೂಲ್ ಗ್ರೂಪ್ ಫೋಟೋ ಇರುತ್ತೆ. ಕೆಳಗೆ ಸಣ್ಣ ಅಕ್ಷರದಲ್ಲಿ: ಕುಳಿತವರು, ನಿಂತವರು, ಎಡದಿಂದ ಬಲಕ್ಕೆ. ಮೊದಲು ಹುಡುಕೋದು ನಮ್ಮ ಹೆಸರನ್ನೇ. ಇನಿಷಿಯಲ್ ತಪ್ಪಾಗಿದ್ರೆ ಇಪ್ಪತ್ತು ವರ್ಷ ಆದ್ಮೇಲೂ ಬೇಜಾರು.

ಕೆನಡಾದ ಮ್ಯೂಸಿಯಂಗಳಲ್ಲಿರುವ ಹಳೆಯ ಮಿಷನರಿ ಫೋಟೋಗಳನ್ನು ನೋಡುವಾಗ ನನ್ನನ್ನು ಕಾಡೋದು ಈ ಅಡಿಬರಹವೇ. ಪಾದ್ರಿ, ಅವರ ಹೆಂಡತಿ, ನೀಟಾಗಿ ತಲೆ ಬಾಚಿಸಿಕೊಂಡ ಮಕ್ಕಳು: ಎಲ್ಲರಿಗೂ ಹೆಸರಿರುತ್ತೆ. ಅದೇ ಪಾದ್ರಿಯ ವಸತಿಶಾಲೆಯಲ್ಲಿದ್ದ ಮೂಲನಿವಾಸಿ ಮಕ್ಕಳ ಫೋಟೋಗೆ ಬಂದರೆ, ಬಹಳಷ್ಟು ಸಲ, ‘ವಿದ್ಯಾರ್ಥಿಗಳ ಗುಂಪು’. ಅಷ್ಟೇ.

ಈ ಶಾಲೆಗಳು 19ನೇ ಶತಮಾನದಿಂದ 1990ರ ದಶಕದವರೆಗೂ ಇದ್ದವು. ಹೆಚ್ಚಿನವು ಸರ್ಕಾರದ ದುಡ್ಡಲ್ಲಿ, ಚರ್ಚುಗಳ ಕೈಯಲ್ಲಿ ನಡೆದವು. ಸುಮಾರು 1,50,000 ಮಕ್ಕಳನ್ನು ಹೆತ್ತವರಿಂದ ದೂರ ಮಾಡಿದರು. ತಾಯ್ನುಡಿ ಆಡಿದ್ದಕ್ಕೂ ಶಿಕ್ಷೆ ಇತ್ತು. 4,000ಕ್ಕೂ ಹೆಚ್ಚು ಮಕ್ಕಳ ಸಾವು ದಾಖಲಾಗಿದೆ. 2015ರಲ್ಲಿ ಸತ್ಯ ಮತ್ತು ಸಂಧಾನ ಆಯೋಗ ಇದನ್ನು ‘ಸಾಂಸ್ಕೃತಿಕ ನರಮೇಧ’ ಎಂದು ಕರೆಯಿತು.

ಹಾಗಂತ ಫೋಟೋದಲ್ಲಿರುವ ಪಾದ್ರಿ ರಾಕ್ಷಸನ ಥರ ಕಾಣಲ್ಲ. ತೊಂದರೆ ಇರೋದೇ ಅಲ್ಲಿ. 1874ರಲ್ಲಿ ಥಾಮಸ್ ಕ್ರಾಸ್ಬಿ ಮತ್ತು ಎಮ್ಮಾ ದಂಪತಿ ಬ್ರಿಟಿಷ್ ಕೊಲಂಬಿಯಾದ ಪೋರ್ಟ್ ಸಿಂಪ್ಸನ್‌ಗೆ ಹೋದರು. ಸಿಮ್ಶಿಯನ್ ಸಮುದಾಯದ ಹುಡುಗಿಯರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಆ ಮನೆಯೇ ಮುಂದೆ ವಸತಿಶಾಲೆಯಾಯ್ತು. ಎಮ್ಮಾ ಅಲ್ಲೇ ತನ್ನ ಹೆಣ್ಣುಮಕ್ಕಳನ್ನು ಮಣ್ಣು ಮಾಡಿದವಳು. ಆಕೆ ತನ್ನ ತಾಯಿಗೆ ಬರೆದ ಪತ್ರಗಳು ಉಳಿದಿವೆ. ಆ ಸಂಕಟ ಸುಳ್ಳಲ್ಲ. ಆದರೆ ಸಿಮ್ಶಿಯನ್ ತಾಯಂದಿರ ಸಂಕಟ ಯಾವ ಮ್ಯೂಸಿಯಂನ ಯಾವ ಪೆಟ್ಟಿಗೆಯಲ್ಲಿದೆ?

ಹಾಗಾದ್ರೆ ಇಂಥ ಫೋಟೋಗಳನ್ನು ತೆಗೆದುಹಾಕಬೇಕಾ? ಬೇಡ. ಎಷ್ಟೋ ಮನೆಗಳಿಗೆ, ವಾಪಸ್ ಬಾರದ ಮಗುವಿನ ಮುಖ ಉಳಿದಿರೋದು ಇಂಥ ಫೋಟೋದಲ್ಲಿ ಮಾತ್ರ. ಒಂಟಾರಿಯೋದ ಶಿಂಗ್ವಾಕ್ ಶಾಲೆ 1970ರಲ್ಲಿ ಮುಚ್ಚಿತು. ಕಟ್ಟಡ ಈಗ ಅಲ್ಗೋಮಾ ವಿಶ್ವವಿದ್ಯಾಲಯದ್ದು. 1981ರಲ್ಲಿ ಅಲ್ಲಿ ಹಳೆಯ ವಿದ್ಯಾರ್ಥಿಗಳು ಮತ್ತೆ ಸೇರಿದರು. ಅದರಿಂದ ಬೆಳೆದ ಕೆಲಸಗಳಲ್ಲಿ ಒಂದು, ಶಾಲೆಯಲ್ಲಿ ಓದಿದವರ, ಅವರ ಕುಟುಂಬದವರ ಮುಂದೆ ಹಳೆಯ ಫೋಟೋಗಳನ್ನಿಟ್ಟು ಒಂದೊಂದೇ ಮುಖಕ್ಕೆ ಹೆಸರು ಹುಡುಕುವುದು.

ಮ್ಯೂಸಿಯಂಗಳು ಕಲಿಯಬೇಕಾದ್ದು ಇದನ್ನೇ. ಪಾದ್ರಿಯ ಸಂಸಾರ ಒಂದು ಆಲ್ಬಂನಲ್ಲಿ, ಶಾಲೆ ಇನ್ನೊಂದರಲ್ಲಿ ಇದ್ದರೆ ನೋಡುವವರಿಗೆ ಕಾಣೋದು ಬರೀ ಒಂದು ಸುಖೀ ಕುಟುಂಬ. ಎರಡನ್ನೂ ಪಕ್ಕಪಕ್ಕ ಇಡಿ. ಹೆಸರು ಗೊತ್ತಿಲ್ಲದ ಕಡೆ ‘ಗುಂಪು’ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ‘ಎಡದಿಂದ ಮೂರನೆಯವಳು: ಹೆಸರು ಇನ್ನೂ ಸಿಕ್ಕಿಲ್ಲ’ ಅಂತ ಬರೆಯಿರಿ. ಆಗಲಾದರೂ ಯಾರೋ ಅವಳನ್ನು ಹುಡುಕ್ತಾ ಇದ್ದಾರೆ ಅನ್ನೋದು ಗೊತ್ತಾಗುತ್ತೆ.