ಮೈಸೂರು ಪಿಟೀಲು ಮರೆತ ಕಮಾನು

ಟಿ. ಚೌಡಯ್ಯನವರು 1927ರಲ್ಲಿ ಪಿಟೀಲಿಗೆ ಏಳು ತಂತಿ ಕಟ್ಟಿದರು. ಮೈಕು ಇಲ್ಲದ ಕಾಲ. ಕಛೇರಿಯ ಕೊನೆಯ ಸಾಲಿಗೂ ನಾದ ಮುಟ್ಟಬೇಕಿತ್ತು. ಆ ಸಾಹಸಕ್ಕೆ ಸಂದ ಹೊಗಳಿಕೆಯೆಲ್ಲ ತಂತಿಗೆ, ಬೆರಳಿಗೆ ಹೋಯಿತು. ಒಂದೇ ಎಳೆತದಲ್ಲಿ ಜೋಡಿ ತಂತಿಗಳನ್ನು ಸಮವಾಗಿ ನುಡಿಸಿದ ಬಲಗೈಯನ್ನೂ ಅದು ಹಿಡಿದಿದ್ದ ಕಮಾನನ್ನೂ ನಮ್ಮ ವಿಮರ್ಶೆ ಗಮನವಿಟ್ಟು ನೋಡಲಿಲ್ಲ. ಮೈಸೂರು ಪಿಟೀಲು ಪರಂಪರೆಯ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ.

ಈ ಪರಂಪರೆಯ ಬೇರು ಹಾಡಿಕೆಯಲ್ಲಿದೆ. ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಗಾಯಕರು. ಅವರಲ್ಲೇ ಸಂಗೀತ ಕಲಿತ ಇನ್ನೊಬ್ಬರು ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು. 1893ರಲ್ಲಿ ಕಲ್ಯಾಣದುರ್ಗ ಸೀಮೆಯ ರಾಳ್ಲಪಲ್ಲಿಯಲ್ಲಿ ಹುಟ್ಟಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿ, ಕನ್ನಡದಲ್ಲಿ 'ಗಾನಕಲೆ' ಬರೆದವರು. ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಕೂಡಿಸಿದವರು. ಮಾತನ್ನೂ ರಾಗವನ್ನೂ ಒಟ್ಟಿಗೆ ಬಲ್ಲ ಅಂಥ ಕಿವಿಗೆ ಪಿಟೀಲಿನಲ್ಲಿ ಸಾಹಿತ್ಯ ಉಚ್ಚರಿಸುವುದು ಕಮಾನೇ. ಎಳೆತ ತಪ್ಪಾದ ಕಡೆ ತಿರುಗಿದರೆ ಪದ ಒಡೆಯುತ್ತದೆ.

ಹಿಂದೂಪುರ, ಕಲ್ಯಾಣದುರ್ಗಗಳಂಥ ಕನ್ನಡ-ತೆಲುಗು ಎರಡು ನುಡಿಯ ಸೀಮೆಗೆ ಒಂದು ಪಕ್ಕ ಚೌಡಯ್ಯ, ಇನ್ನೊಂದು ಪಕ್ಕ ವಿಜಯನಗರಂನ ದ್ವಾರಂ ವೆಂಕಟಸ್ವಾಮಿ ನಾಯ್ಡು. ನಾಲ್ಕೇ ತಂತಿಯಲ್ಲಿ ದ್ವಾರಂ ತೆಗೆದ ನುಣುಪು ಕಮಾನಿನ ಗೆಲುವು. ಚೌಡಯ್ಯನವರ ಘನನಾದವೂ ಉದ್ದ, ತುಂಬು ಎಳೆತದಿಂದಲೇ ಹುಟ್ಟಿದ್ದು. ಹೆಚ್ಚಿನ ತಂತಿಗಳು ಅದಕ್ಕೆ ನೆರವಾದವು, ಅಷ್ಟೆ. ಶಿಷ್ಯರಲ್ಲಿ ಆರ್. ಆರ್. ಕೇಶವಮೂರ್ತಿಯವರು ಏಳು ತಂತಿಯನ್ನು ಬಿಡಲಿಲ್ಲ. ಮೈಕು ಬಂದ ಮೇಲೆ ಬಹುತೇಕರು ನಾಲ್ಕಕ್ಕೇ ನಿಂತರು.

ಇನ್ನು ಕಮಾನು ಮಾಡುವವರ ಮಾತು. ಜರ್ಮನಿಯ ಮಾರ್ಕ್‌ನೊಯ್‌ಕಿರ್ಖೆನ್‌ನಲ್ಲಿ ಬೊಹೆಮಿಯಾದಿಂದ ವಲಸೆ ಬಂದ ಕಸುಬುದಾರರು 1677ರಲ್ಲಿ ಪಿಟೀಲು ಮಾಡುವವರ ಸಂಘ ಕಟ್ಟಿದರು. ಮುಂದೆ ಅಲ್ಲಿ ಕಮಾನಿನ ಕೆಲಸವೇ ಬೇರೆ ಕಸುಬಾಯಿತು. ನ್ಯೂರ್ನ್‌ಬರ್ಗರ್, ಫ್ರೆಟ್ಜ್‌ಶ್ನರ್ ಮನೆತನಗಳು ಅದರಿಂದಲೇ ಹೆಸರಾದವು. ಬ್ರೆಜಿಲ್ಲಿನ ಪೆರ್ನಾಂಬುಕೊ ಮರದ ಕಡ್ಡಿಯನ್ನು ಕೆತ್ತಿ, ಕಾಸಿ, ಕೂದಲಿನ ಕಡೆಗೆ ಬಾಗಿಸುತ್ತಾರೆ. ಕರಿಮರದ ಹಿಡಿ, ಬಿಗಿ ಮಾಡುವ ತಿರುಪು, ಕುದುರೆ ಬಾಲದ ನೂರೈವತ್ತಕ್ಕೂ ಹೆಚ್ಚು ಕೂದಲು, ಎಲ್ಲ ಸೇರಿದರೂ ತೂಕ ಸುಮಾರು 60 ಗ್ರಾಂ. ಉಳಿಯ ಒಂದು ತಪ್ಪು ಎಳೆತಕ್ಕೆ ಕಡ್ಡಿ ಮೆತ್ತಗಾಗಿಬಿಡುತ್ತದೆ. ಒಳ್ಳೆಯ ಕಮಾನಿನ ಮೇಲೆ ಮಾಡಿದವನ ಹೆಸರಿನ ಅಚ್ಚು ಇರುತ್ತದೆ. ಅದೇ ಊರು ಹೆಸರಿಲ್ಲದ ಅಗ್ಗದ ಕಮಾನುಗಳನ್ನೂ ರಾಶಿ ರಾಶಿಯಾಗಿ ಲೋಕಕ್ಕೆ ಕಳಿಸಿತು. ಆದರೂ ಅಲ್ಲಿ ಕಮಾನು ಒಂದು ವಿದ್ಯೆಯಾಗಿ ಉಳಿಯಿತು.

ನಮ್ಮಲ್ಲಿ ವೀಣೆ ಕೆತ್ತುವ ಮನೆತನಗಳು ಬೆಳೆದವು. ಕಮಾನು ಮಾತ್ರ ಅಂಗಡಿಯ ಸಾಮಾನಾಗಿಯೇ ಉಳಿಯಿತು. ಅಭ್ಯಾಸ ಮುಗಿದ ಮೇಲೆ ತಿರುಪು ಸಡಿಲಿಸಬೇಕು, ಸವೆದ ಕೂದಲು ಬದಲಿಸಬೇಕು ಎಂಬುದನ್ನು ವರ್ಣಗಳ ಜೊತೆಗೇ ಕಲಿಸಬೇಕಿತ್ತು. ಎಷ್ಟೋ ಮಕ್ಕಳು ಜಾರುವ ಹಳೆಯ ಕೂದಲಿನಲ್ಲೇ ಒತ್ತಿ ಒತ್ತಿ ನುಡಿಸಿ, ಕರ್ಕಶ ನಾದವನ್ನು ತಮ್ಮ ಕೈಯ ದೋಷವೆಂದು ನೊಂದುಕೊಳ್ಳುತ್ತಾರೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

2007ರಿಂದ ಪೆರ್ನಾಂಬುಕೊ ದಿಮ್ಮಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಕಾರ್ಬನ್ ಫೈಬರ್ ಕಮಾನುಗಳು ಬಂದಿವೆ. ಬಾಗಿಸಿದರೆ ಪುಟಿದೇಳುವ ಮರ ನಮ್ಮ ಸೀಮೆಯಲ್ಲಿ ಯಾವುದಿದೆ ಎಂದು ವೀಣೆಯ ಕುಶಲಿಗಳೂ ಪಿಟೀಲು ವಿದ್ವಾಂಸರೂ ಕೂಡಿ ಪರೀಕ್ಷಿಸಬಹುದು. ಸಂಗೀತ ಶಾಲೆಗಳು ಅದಕ್ಕೂ ಮೊದಲು ಕೂದಲು ಕಟ್ಟುವ ಕೆಲಸಕ್ಕೆ ಒಬ್ಬರನ್ನು ತರಬೇತಿಗೊಳಿಸಿ ಸಂಬಳ ಕೊಡಲಿ.